ಹೊಸ ಆಟ ಹಳೆಯ ಕಥೆಯನ್ನು ಅಲ್ಲಗಳೆದರೆ ಯಾವುದನ್ನು ಒಪ್ಪಬೇಕು?

ಪ್ರಶ್ನೆ (ಕಲಬುರಗಿಯಿಂದ):
ಎಲ್ಡರ್ ಸ್ಕ್ರೋಲ್ಸ್ ಎಂಬ ವಿಡಿಯೊ ಆಟಗಳ ಸರಣಿಯ ಕಥಾಲೋಕದ ಬಗ್ಗೆ ಇಲ್ಲಿನ ಗೆಳೆಯರಿಗಾಗಿ ಕನ್ನಡದಲ್ಲಿ ಟಿಪ್ಪಣಿ ಸಿದ್ಧಪಡಿಸುತ್ತಿದ್ದೇನೆ. 1998ರ ರೆಡ್‌ಗಾರ್ಡ್ ಆಟದೊಂದಿಗೆ ಬಂದ ಕೈಪಿಡಿಯು ಸಿರೊಡೀಲ್ ಪ್ರಾಂತ್ಯವನ್ನು ದಟ್ಟ ಮಳೆಕಾಡೆಂದು ವರ್ಣಿಸಿದರೆ, ಅದೇ ಸರಣಿಯ 2006ರ ಆಬ್ಲಿವಿಯನ್ ಆಟದಲ್ಲಿ ಅದೇ ನಾಡು ಹುಲ್ಲುಗಾವಲುಗಳ ತಂಪು ಪ್ರದೇಶವಾಗಿದೆ. ಯಾವುದನ್ನು ಉಳಿಸಲಿ?

ಉತ್ತರ (ಬೀದರ್‌ನಿಂದ):
ಎರಡನ್ನೂ ಉಳಿಸಿ, ಹೇಳಿದವರು ಯಾರೆಂಬುದನ್ನು ಜೊತೆಗೇ ನಮೂದಿಸಿ. ಆ ಕೈಪಿಡಿಯು ಕಥೆಯೊಳಗಿನ ಸಾಮ್ರಾಜ್ಯವೇ ಹೊರತಂದ ಪ್ರಚಾರ ಪುಸ್ತಿಕೆ. ಅದರ ಅಂಚುಗಳಲ್ಲಿ ವಿರೋಧಿಯೊಬ್ಬ ಕೈಬರಹದಲ್ಲಿ ಗೀಚಿದ ಕುಹಕದ ಮಾತುಗಳೂ ಇವೆ. ಬಹಮನಿ–ವಿಜಯನಗರ ಯುದ್ಧಗಳ ವಿಷಯದಲ್ಲಿ ಬಿಜಾಪುರ ಆಸ್ಥಾನದ ಇತಿಹಾಸಕಾರ ಫೆರಿಶ್ತಾ ಬರೆದದ್ದನ್ನೇ ನಾವು ಕಣ್ಣುಮುಚ್ಚಿ ನಂಬುತ್ತೇವೆಯೇ?

ಉತ್ತರ (ಯಾದಗಿರಿಯಿಂದ):
ಈ ವಾದ ಎಲ್ಲೆಡೆ ಸಲ್ಲದು. ಇದೇ ಸರಣಿಯ 1996ರ ಡ್ಯಾಗರ್‌ಫಾಲ್ ಆಟದ ಪರಸ್ಪರ ವಿರುದ್ಧವಾದ ಅಂತ್ಯಗಳಲ್ಲಿ ಒಂದನ್ನೇ ಆರಿಸದೆ, ಕಾಲವೇ ಮುರಿದು ಅವೆಲ್ಲವೂ ಒಟ್ಟಿಗೆ ನಡೆದವೆಂದು ನಂತರದ ಆಟಗಳು ಹೇಳಿದ್ದು ನಿಜವಾದ ಜಾಣ್ಮೆ, ಏಕೆಂದರೆ ಯಾವ ಆಟಗಾರನ ಆಯ್ಕೆಯೂ ಸುಳ್ಳಾಗಲಿಲ್ಲ. ಸಿರೊಡೀಲ್‌ನ ಮಳೆಕಾಡನ್ನು ಪ್ರತಿ ಬರೆದವನ ತಪ್ಪೆಂದು ಸರಣಿಯ ಆನ್‌ಲೈನ್ ಆಟದೊಳಗಿನ ಗ್ರಂಥವೊಂದು ತಳ್ಳಿಹಾಕಿದ್ದು ಮಾತ್ರ ಬರೀ ತೇಪೆ. ಅಂಥ ಕಡೆ ‘ತಯಾರಕರು ಬದಲಿಸಿದರು’ ಎಂದು ವರ್ಷಸಹಿತ ನೇರವಾಗಿ ಬರೆಯಿರಿ.

ಪ್ರಶ್ನೆ ಕೇಳಿದವರು:
ಹಾಗಾದರೆ ಕಥೆಯೊಳಗಿನ ಭಿನ್ನಮತಕ್ಕೂ ತಯಾರಕರ ಬದಲಾವಣೆಗೂ ಬೇರೆ ಬೇರೆ ಅಂಕಣ ಮಾಡುತ್ತೇನೆ.