ಹಿಂದಿನ ಸ್ಟ್ರಟ್ ಬಾರ್ ಲೇತ್‌ನಲ್ಲಿ ಮಾಡಿಸುವುದು: ಪೈಪ್, ಪ್ಲೇಟ್, ಫಿಟ್ಟಿಂಗ್ ಬಗ್ಗೆ ಸಲಹೆ ಬೇಕು

ಕೆಎ12_ಸೆಡಾನ್:
ಎಲ್ಲರಿಗೂ ನಮಸ್ಕಾರ. ಗಾಡಿ ಹಳೇ ಬಲೆನೊ ಸೆಡಾನ್ (1999–2007ರ ಮಾಡೆಲ್, ಈಗಿನ ಹ್ಯಾಚ್‌ಬ್ಯಾಕ್ ಅಲ್ಲ). ಹಿಂದೆಯೂ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಎರಡೂ ಸೇರಿದ ಒಂದೇ ಜೋಡಣೆ). ಎಡ–ಬಲದ ಸ್ಟ್ರಟ್‌ಗಳ ಮೇಲಿನ ತುದಿಗಳನ್ನು ಅಡ್ಡಲಾಗಿ ಜೋಡಿಸುವ ಸ್ಟ್ರಟ್ ಬಾರ್ ಹಾಕಿಸಬೇಕು. ಓಡಾಟ ಹೆಚ್ಚಾಗಿ ಮಡಿಕೇರಿ–ಸಂಪಾಜೆ ಘಾಟಿ, ಆಗಾಗ ವಿರಾಜಪೇಟೆ–ಮಾಕುಟ್ಟ. ರೆಡಿಮೇಡ್ ಬಾರ್ ಸಿಗುತ್ತಿಲ್ಲ, ಕುಶಾಲನಗರದಲ್ಲಿ ಲೇತ್‌ನವರ ಹತ್ತಿರ ಮಾಡಿಸೋಣ ಅಂತ. ಪ್ಲೇಟ್ ಎಷ್ಟು ದಪ್ಪ ಇರಬೇಕು, ಪೈಪ್ ಯಾವುದು? ಪ್ಲೇಟು–ಪೈಪು ಸೇರಿಸಿ ಒಂದೇ ಪೀಸ್ ವೆಲ್ಡ್ ಮಾಡಿಸಿದರೆ ಸಾಕಾ? ವೆಲ್ಡರ್ "ಗಾಡಿಯಲ್ಲೇ ಕೂರಿಸಿ ಟ್ಯಾಕ್ (ಚುಕ್ಕೆ ವೆಲ್ಡ್) ಹೊಡೆಯೋಣ" ಅಂತಿದ್ದಾರೆ.

ಘಾಟಿ_ಗೇರ್:
ಕೊನೇ ಮಾತಿಗೆ ಮೊದಲು ಉತ್ತರ: ಗಾಡಿಯೊಳಗೆ ವೆಲ್ಡಿಂಗ್ ಖಂಡಿತ ಬೇಡ. ಪೆಟ್ರೋಲ್ ಟ್ಯಾಂಕ್ ಅಲ್ಲೇ ಹಿಂದಿನ ಸೀಟಿನ ಕೆಳಗೆ, ಸುತ್ತ ಕಾರ್ಪೆಟ್ಟು, ಫೋಮು. ಒಂದು ಕಿಡಿ ಸಾಕು. ಅದಲ್ಲದೆ ವೆಲ್ಡಿಂಗ್ ಕರೆಂಟು ಇಸಿಎಂಗೂ (ಎಂಜಿನ್ ಕಂಪ್ಯೂಟರ್) ಅಪಾಯ.

ಒಂದೇ ಪೀಸೂ ಬೇಡ. ಸ್ಟ್ರಟ್‌ಗಳು ಮೇಲ್ಗಡೆ ಸ್ವಲ್ಪ ಒಳಮುಖವಾಗಿ ವಾಲಿರುತ್ತವೆ, ಹಾಗಾಗಿ ಎಡ–ಬಲದ ಸ್ಟಡ್‌ಗಳು (ಸ್ಟ್ರಟ್ ಮೌಂಟಿನಿಂದ ಮೇಲೆ ಬಂದಿರುವ ತ್ರೆಡ್ ಕಡ್ಡಿಗಳು) ಒಂದಕ್ಕೊಂದು ಸಮಾನಾಂತರ ಇರುವುದಿಲ್ಲ. ಎರಡೂ ಪ್ಲೇಟು ಪೈಪಿಗೆ ಅಂಟಿದ್ದರೆ ಒಂದು ಕಡೆ ಕೂರಿಸುವಷ್ಟರಲ್ಲಿ ಇನ್ನೊಂದು ಕಡೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ತೂತು ದೊಡ್ಡದು ಮಾಡುತ್ತಾರೆ, ಅಲ್ಲಿಗೆ ಬಾರ್ ಇದ್ದೂ ಇಲ್ಲದ ಹಾಗೆ. ಪ್ಲೇಟ್ ಬೇರೆ, ಬಾರ್ ಬೇರೆ ಇರಲಿ, ನಡುವೆ ಬೋಲ್ಟ್.

ಪ್ಲೇಟ್ 5 ಎಂಎಂ ಎಂಎಸ್ (ಮೈಲ್ಡ್ ಸ್ಟೀಲ್). ಮೊದಲು ರಟ್ಟಿನಲ್ಲಿ ಟೆಂಪ್ಲೇಟ್ ಕತ್ತರಿಸಿ ಸ್ಟಡ್‌ಗಳ ಮೇಲೆ ಒತ್ತಿ ಗುರುತು ತೆಗೆಯಿರಿ. ಎಡ–ಬಲಕ್ಕೆ ಬೇರೆ ಬೇರೆ ತೆಗೆಯಿರಿ, ಒಂದನ್ನು ತಿರುಗಿಸಿ ಇನ್ನೊಂದಕ್ಕೆ ಬಳಸಬೇಡಿ. 8 ಎಂಎಂ ಸ್ಟಡ್ಡಿಗೆ 8.5ರ ತೂತು, 9ಕ್ಕಿಂತ ಮೇಲೆ ಹೋಗಬಾರದು. ನಡುವಿನ ದೊಡ್ಡ ತೂತು ಸ್ಟ್ರಟ್ ರಾಡಿನ ನಟ್ಟಿಗೆ ತಾಗದಷ್ಟು ಇರಲಿ. ಬಾರ್ ಹಿಡಿಯಲು ಪ್ಲೇಟಿನ ಮೇಲೆ 5 ಎಂಎಂನ ಎರಡು ಕಿವಿ. ಬೋಲ್ಟಿನ ಕೇಂದ್ರ ಪ್ಲೇಟಿನಿಂದ 25–30 ಎಂಎಂ ಒಳಗೇ ಇರಬೇಕು. ಕಿವಿ ಎತ್ತರ ಆದಷ್ಟೂ ಅದು ಮೀಟುಗೋಲಿನ ಥರ ಪ್ಲೇಟನ್ನೇ ಬಗ್ಗಿಸುತ್ತದೆ. ಕಿವಿಯ ಬೋಲ್ಟ್ 10 ಎಂಎಂ, 8.8 ಗ್ರೇಡ್ (ಬೋಲ್ಟಿನ ಗಟ್ಟಿತನದ ದರ್ಜೆ). ತೂತು ರೀಮರ್ (ತೂತನ್ನು ನಿಖರ ಅಳತೆಗೆ ತರುವ ಉಪಕರಣ) ಹಾಕಿ ಬಿಗಿಯಾಗಿ ಮಾಡಿಸಿ, ಆಟ ಇದ್ದರೆ ಮೊದಲ ವಾರದಲ್ಲೇ ಟಕ್ ಟಕ್ ಶುರು.

ಪೈಪ್ 32 ಎಂಎಂ ಹೊರವ್ಯಾಸ, 2 ಎಂಎಂ ಗೋಡೆ. ಮೀಟರಿಗೆ ಸುಮಾರು ಒಂದೂವರೆ ಕೆಜಿ. ಇದಕ್ಕಿಂತ ದಪ್ಪ ದಂಡ. ಬಾರ್ ಮೇಲೆ ಬರುವುದು ಎಳೆತ ಮತ್ತು ಒತ್ತಡ ಮಾತ್ರ, ಆದರೆ ಪೈಪ್ ನೇರವಾಗಿದ್ದರೆ ಮಾತ್ರ. ಏನನ್ನೋ ತಪ್ಪಿಸಲು ಬಗ್ಗಿಸಿದಿರೋ, ಆ ಬಾಗಿನಲ್ಲೇ ಸ್ಪ್ರಿಂಗ್ ಆಗುತ್ತದೆ. ಒಂದು ತುದಿಗೆ ಬಲ ತ್ರೆಡ್, ಇನ್ನೊಂದಕ್ಕೆ ಎಡ ತ್ರೆಡ್, ಎರಡಕ್ಕೂ ಲಾಕ್ ನಟ್. ಎಡ ತ್ರೆಡ್ ಟ್ಯಾಪ್ ಇಲ್ಲ ಅಂದರೆ ಲೇತ್‌ನಲ್ಲೇ ಕಟ್ ಮಾಡಿಸಿ. ಎರಡೂ ಬಲ ತ್ರೆಡ್ ಆದರೆ ಪೈಪ್ ತಿರುಗಿಸಿದಾಗ ಉದ್ದ ಬದಲಾಗುವುದಿಲ್ಲ, ಪ್ರತಿ ಸಲ ಬೋಲ್ಟ್ ಬಿಚ್ಚಿ ಅರ್ಧ ಸುತ್ತು ಹಾಕಬೇಕು. 2 ಎಂಎಂ ಪಿಚ್ಚಿನಲ್ಲಿ ಅರ್ಧ ಸುತ್ತು ಅಂದರೆ 1 ಎಂಎಂ, ಈ ಕೆಲಸಕ್ಕೆ ಅದು ಬಹಳ ಒರಟು ಅಳತೆ.

ಕಿವಿ ವೆಲ್ಡ್ ಮಾಡುವಾಗ ಪ್ಲೇಟನ್ನು ದಪ್ಪ ಕಬ್ಬಿಣದ ಮೇಲೆ ಬೋಲ್ಟ್ ಹಾಕಿ ಕಟ್ಟಿ, ಅತ್ತ ಸ್ವಲ್ಪ ಇತ್ತ ಸ್ವಲ್ಪ ಹೊಡೆಸಿ. ಒಂದೇ ಉಸಿರಿಗೆ ಹೊಡೆದರೆ ಪ್ಲೇಟ್ ಬಾಳೆಲೆ ಥರ ಮೇಲೇಳುತ್ತದೆ.

ತೋಟದ_ದಾರಿ:
ಫಿಟ್ಟಿಂಗ್ ಬಗ್ಗೆ ನಾನು ಸೇರಿಸುತ್ತೇನೆ. ಗಾಡಿ ಸಮತಟ್ಟು ಜಾಗದಲ್ಲಿ, ನಾಲ್ಕೂ ಚಕ್ರ ನೆಲದ ಮೇಲೆ. ಜಾಕ್ ಮೇಲೆ ನಿಲ್ಲಿಸಿ ಸ್ಟಡ್ ನಟ್‌ಗಳನ್ನು ಬಿಚ್ಚಿದರೆ ಸ್ಟ್ರಟ್ ಕೆಳಗೆ ಜಾರುತ್ತದೆ. ನಡುವಿನ ದೊಡ್ಡ ನಟ್ ಮಾತ್ರ ಯಾವ ಕಾರಣಕ್ಕೂ ಮುಟ್ಟಬೇಡಿ. ಒತ್ತಿಟ್ಟ ಸ್ಪ್ರಿಂಗನ್ನು ಹಿಡಿದಿರುವುದೇ ಅದು.

ಪ್ಲೇಟ್ ಕೂರುವ ಜಾಗ ಬರೀ ಲೋಹ ಇರಬೇಕು. ಫೆಲ್ಟು, ರಬ್ಬರ್ ವಾಷರ್ ಏನೂ ಬೇಡ. ಅಲ್ಲಿ ಪೇಂಟ್ ಕೂಡ ತೆಳ್ಳಗೆ. ದಪ್ಪ ಪೇಂಟ್ ಕ್ರಮೇಣ ಅದುಮಿಕೊಂಡು ನಟ್ ಸಡಿಲವಾಗುತ್ತದೆ. ಕಂಪನಿ ಮ್ಯಾನುಯಲ್‌ನಲ್ಲಿ ಇರುವ ಟಾರ್ಕ್ (ನಟ್ ಬಿಗಿಯುವ ಬಲದ ಅಳತೆ) ಕೊಡಿ. 8 ಎಂಎಂ, 8.8 ಗ್ರೇಡಿಗೆ ಸಾಮಾನ್ಯವಾಗಿ 25 ಎನ್ಎಂ ಆಸುಪಾಸು, ಸ್ಪ್ಯಾನರ್‌ಗೆ ಪೈಪ್ ಸಿಕ್ಕಿಸಿ ಎಳೆದರೆ ಸ್ಟಡ್ ತುಂಡಾಗುತ್ತದೆ. ಪ್ಲೇಟು ಟೈಟ್ ಆದ ಮೇಲೆ ಬಾರ್ ಹಾಕಿ, ಕೈಯಲ್ಲಿ ತಿರುಗಿಸಿ ಆಟ ಹೋಗುವವರೆಗೆ, ಆಮೇಲೆ ಕಾಲು ಸುತ್ತು, ಲಾಕ್ ನಟ್. ಇನ್ನೂ ಬಿಗಿದರೆ ಟವರ್‌ಗಳನ್ನೇ (ಸ್ಟ್ರಟ್‌ಗಳ ಮೇಲ್ತುದಿ ಹಿಡಿದಿರುವ ಬಾಡಿ ಭಾಗ) ತಳ್ಳಿದ ಹಾಗೆ. 100 ಕಿಮೀಗೆ ಒಮ್ಮೆ, 500ಕ್ಕೆ ಇನ್ನೊಮ್ಮೆ ಟಾರ್ಕ್ ನೋಡಿ.

ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡಿಕ್ಕಿಯೊಳಗೂ ತೇವ ಆರುವುದಿಲ್ಲ. ಪೈಪಿನ ತುದಿ ಅರೆಬರೆ ವೆಲ್ಡ್ ಆಗಿದ್ದರೆ ಒಳಗಿಂದ ತುಕ್ಕು ಹಿಡಿಯುತ್ತದೆ. ಸುತ್ತ ಪೂರ್ತಿ ವೆಲ್ಡ್, ಮೇಲೆ ಪ್ರೈಮರ್, ಎನಾಮೆಲ್.

ಕೆಎ12_ಸೆಡಾನ್:
ತುಂಬಾ ಧನ್ಯವಾದ. ಒಂದು ಅನುಮಾನ: 5 ಎಂಎಂ ಪ್ಲೇಟ್ ಇಟ್ಟರೆ ನಟ್ಟಿನ ಮೇಲೆ ತ್ರೆಡ್ ಉಳಿಯುವುದೇ ಇಲ್ಲ. ಇನ್ನು ಹಿಂದಿನ ಸೀಟು ಹಿಂದೆ ಶೀಟ್ ಮೆಟಲ್ ಇದೆಯಲ್ಲ, ಬಾರ್‌ನಿಂದ ಫರಕು ಗೊತ್ತಾಗುತ್ತಾ?

ಘಾಟಿ_ಗೇರ್:
ನಟ್ ಪೂರ್ತಿ ಹಿಡಿದು ಮೇಲೆ ಎರಡು ತ್ರೆಡ್ ಕಾಣಬೇಕು. ಕಾಣದಿದ್ದರೆ ಸ್ಟಡ್ ಸುತ್ತ ಮಾತ್ರ ಪ್ಲೇಟನ್ನು 3 ಎಂಎಂಗೆ ಮಿಲ್ಲಿಂಗ್ ಮಾಡಿಸಿ, ಉಳಿದ ಜಾಗ 5 ಇರಲಿ. ಅದೂ ಸಾಲದಿದ್ದರೆ ಮೌಂಟ್ ಇಳಿಸಿ ಉದ್ದ ಸ್ಟಡ್ ಪ್ರೆಸ್ ಮಾಡಿಸಬೇಕು. ಅರ್ಧ ಹಿಡಿದ ನಟ್ಟಿನಲ್ಲಿ ಗಾಡಿ ಓಡಿಸಬೇಡಿ.

ಫರಕು ಸೆಡಾನ್‌ನಲ್ಲಿ ಕಡಿಮೆ, ಆ ಶೀಟೇ ಅರ್ಧ ಕೆಲಸ ಮಾಡುತ್ತಿದೆ. ಎರಡು ತಿರುವು ಬೆನ್ನುಬೆನ್ನಿಗೆ ಬಂದಾಗ ಹಿಂಭಾಗ ಸ್ವಲ್ಪ ಬೇಗ ನೆಲೆಗೊಳ್ಳುತ್ತದೆ, ಅಷ್ಟೇ. ಈಗಿನ ಬಲೆನೊ, ಸ್ವಿಫ್ಟ್‌ಗಳಲ್ಲಿ ಹಿಂದೆ ಟಾರ್ಷನ್ ಬೀಮ್ (ಎರಡೂ ಹಿಂದಿನ ಚಕ್ರಗಳನ್ನು ಜೋಡಿಸುವ ಅಡ್ಡ ತೊಲೆ), ಸ್ಪ್ರಿಂಗ್ ಬೇರೆ, ಶಾಕ್ ಅಬ್ಸಾರ್ಬರ್ ಬೇರೆ. ಅಲ್ಲಿ ಮೇಲಿನ ಮೌಂಟಿಗೆ ಬರುವುದು ಶಾಕ್‌ನ ಬಲ ಮಾತ್ರ, ಬಾರ್ ಹಾಕುವುದಕ್ಕೆ ಅರ್ಥವೇ ಇಲ್ಲ. ನಿಮ್ಮದರಲ್ಲಿ ಸ್ಟ್ರಟ್ ಮೌಂಟ್ ರಬ್ಬರು, ಕೆಳಗಿನ ಲಿಂಕ್ ಬುಷ್‌ಗಳು ಸವೆದಿದ್ದರೆ ಮೊದಲು ಅವನ್ನು ಬದಲಿಸಿ, ಅಲೈನ್‌ಮೆಂಟ್ ಮಾಡಿಸಿ. ಘಾಟಿಯಲ್ಲಿ ಹಿಂಭಾಗ ಅಲೆಯುವುದು ಬಹುತೇಕ ಅಲ್ಲಿಂದಲೇ.

ತೋಟದ_ದಾರಿ:
ಮೊದಲ ಮಳೆಗಾಲ ಮುಗಿದ ಮೇಲೆ ಪ್ಲೇಟ್ ಎತ್ತಿ ಸ್ಟಡ್ ಸುತ್ತ ಟವರ್ ಶೀಟಿನಲ್ಲಿ ಕೂದಲಿನಂಥ ಬಿರುಕು ಇದೆಯಾ ನೋಡಿ. ಕಾಫಿ ಚೀಲ ಹೇರುವಾಗ ಹಗ್ಗವನ್ನು ಬಾರ್‌ಗೆ ಕಟ್ಟಬೇಡಿ, ಅಡ್ಡ ಎಳೆತಕ್ಕೆ ಕಿವಿ ಬಗ್ಗುತ್ತದೆ.