ಪಿಎ ಓದಬೇಕಾ ಬೇಡವಾ, ಪುಟ್ಟಿ ಕೇಳಿದ್ದಕ್ಕೆ

ಪುಟ್ಟಿ, ನಿನ್ನ ಮೆಸೇಜ್ ನಿನ್ನೆ ರಾತ್ರಿಯೇ ನೋಡಿದೆ. ಡ್ಯೂಟಿ ಮುಗಿಸಿ ಬಂದವಳು ಸೋಫಾ ಮೇಲೇ ನಿದ್ದೆ ಹೋದೆ, ಅದಕ್ಕೆ ಈಗ ಹೇಳುತ್ತಿದ್ದೇನೆ. ನಾನು ಮಾತಾಡುತ್ತಾ ಹೋಗುತ್ತೇನೆ, ಫೋನೇ ಟೈಪ್ ಮಾಡಿಕೊಳ್ಳಲಿ. ಉದ್ದ ಆಗುತ್ತದೆ, ಯಾರೂ ಬೈಯಬೇಡಿ.

ನಮ್ಮ ಮನೆಯವರ ಈ ಗ್ರೂಪ್ ಕಡೆ ನೋಡದೇ ಇದ್ದವರಿಗೆ ವಿಷಯ ಇಷ್ಟು. ನಮ್ಮ ಪುಟ್ಟಿ ಬಯಾಲಜಿ ಡಿಗ್ರಿ ಮುಗಿಸಿ ಎರಡು ವರ್ಷದಿಂದ ಲ್ಯಾಬಲ್ಲಿ ಕೆಲಸ ಮಾಡುತ್ತಿದ್ದಾಳೆ. ಇಲ್ಲಿ ಅಮೆರಿಕದಲ್ಲೇ ಫಿಸಿಷಿಯನ್ ಅಸಿಸ್ಟೆಂಟ್, ಅಂದರೆ ನನ್ನ ಹಾಗೆ ಪಿಎ, ಓದಿದರೆ ಹಾಕಿದ ದುಡ್ಡು, ಅದಕ್ಕೆ ಕೊಟ್ಟ ವರ್ಷಗಳು, ಎರಡಕ್ಕೂ ನ್ಯಾಯ ಸಿಗುತ್ತದಾ ಅಂತ ಕೇಳಿದ್ದಾಳೆ. ಭಾವ ಅದಕ್ಕೆ "ಅಷ್ಟೆಲ್ಲ ಓದುವವಳು ಎಂಡಿನೇ ಮಾಡಬಹುದಲ್ಲ" ಅಂದಿದ್ದಾರೆ. ಎಂಡಿ ಅಂದರೆ ಇಲ್ಲಿ ಡಾಕ್ಟರ್ ಆಗುವ ಡಿಗ್ರಿ. ಊರಿಂದ ಮಾವ "ಪಿಎ ಅಂದರೆ ಎಂಎಲ್‌ಎ ಹಿಂದೆ ಫೈಲ್ ಹಿಡಿದುಕೊಂಡು ಓಡಾಡುತ್ತಾರಲ್ಲ, ಅದಾ?" ಅಂದಿದ್ದಾರೆ.

ಮಾವ, ಅದಲ್ಲ! ಕಾಂಪೌಂಡರ್ ಕೆಲಸವೂ ಅಲ್ಲ. ನಾನು ರೋಗಿಯನ್ನು ನೋಡುತ್ತೇನೆ, ಕಾಯಿಲೆ ಏನು ಅಂತ ಹೇಳುತ್ತೇನೆ, ಟೆಸ್ಟ್ ಬರೆಯುತ್ತೇನೆ, ಔಷಧಿ ಬರೆಯುತ್ತೇನೆ. ಔಷಧಿ ಬರೆಯುವ ಅಧಿಕಾರ 50 ರಾಜ್ಯಗಳಲ್ಲೂ ಇದೆ. ಜೊತೆಗೆ ಸಾಮಾನ್ಯವಾಗಿ ಒಬ್ಬ ಡಾಕ್ಟರ್ ಇರುತ್ತಾರೆ, ಅವರು ಎಷ್ಟು ಹತ್ತಿರದಿಂದ ನೋಡಿಕೊಳ್ಳಬೇಕು ಅನ್ನುವುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ನಾನು ಇದನ್ನು ಒಂಬತ್ತು ವರ್ಷದಿಂದ ಮಾಡುತ್ತಿದ್ದೇನೆ. ಆದರೂ ನಮ್ಮ ಮನೆಯವರಿಗೆ ನಾನೇನು ಮಾಡುತ್ತೇನೆ ಅಂತ ಗೊತ್ತಿಲ್ಲ, ಇರಲಿ ಬಿಡಿ.

ಈಗ ಪುಟ್ಟಿ, ನೀನು ಕೇಳಿದ್ದು ಫೀಸಿನ ಬಗ್ಗೆ. ಆದರೆ ಖರ್ಚು ಶುರುವಾಗುವುದು ಫೀಸಿನಿಂದಲ್ಲ, ಅದಕ್ಕೂ ಮುಂಚೆ. ಈ ಕೆಲಸ ಹುಟ್ಟಿದ ಕಥೆ ನೋಡು. 1965ರಲ್ಲಿ ಡ್ಯೂಕ್ ಯೂನಿವರ್ಸಿಟಿಯಲ್ಲಿ ಡಾ. ಯೂಜೀನ್ ಸ್ಟೆಡ್ ಅನ್ನುವವರು ಇದನ್ನು ಶುರು ಮಾಡಿದರು. ಡಾಕ್ಟರುಗಳು ಸಾಲುತ್ತಿರಲಿಲ್ಲ. ಇನ್ನೊಂದು ಕಡೆ ನೌಕಾಪಡೆಯಲ್ಲಿ ಗಾಯಾಳುಗಳನ್ನು ನೋಡಿಕೊಂಡು ಪಳಗಿದವರು ಹೊರಗೆ ಬಂದಮೇಲೆ ಆ ಅನುಭವಕ್ಕೆ ತಕ್ಕ ಕೆಲಸ ಸಿಗದೆ ಇದ್ದರು. ಅಂಥ ನಾಲ್ಕು ಜನರನ್ನು ಸೇರಿಸಿಕೊಂಡರು, 1967ರಲ್ಲಿ ಅವರಲ್ಲಿ ಮೂರು ಜನ ಪಾಸಾಗಿ ಹೊರಬಂದರು. ಅಂದರೆ ಆಗಲೇ ರೋಗಿಯ ಮೈ ಮುಟ್ಟಿ ಗೊತ್ತಿದ್ದವರಿಗೆ ಅಂತಲೇ ಮಾಡಿದ ಕೋರ್ಸ್ ಇದು. ಆ ಗುಣ ಇನ್ನೂ ಹೋಗಿಲ್ಲ. ಬಹಳಷ್ಟು ಕಾಲೇಜುಗಳು ಅಪ್ಲಿಕೇಶನ್ ಹಾಕುವ ಮುಂಚೆಯೇ ರೋಗಿಗಳ ಜೊತೆ ಕೆಲಸ ಮಾಡಿದ ಗಂಟೆ ಕೇಳುತ್ತವೆ. ಸಾವಿರ ಗಂಟೆ ಅನ್ನುವುದು ಸಾಮಾನ್ಯ, ಸೀಟು ಸಿಗುವವರ ಹತ್ತಿರ ಅದಕ್ಕಿಂತ ಜಾಸ್ತಿಯೇ ಇರುತ್ತದೆ. ನಿನ್ನ ಲ್ಯಾಬ್ ಕೆಲಸ ಈ ಲೆಕ್ಕಕ್ಕೆ ಬರುವುದಿಲ್ಲ ಪುಟ್ಟಿ. ಟ್ಯೂಬಲ್ಲಿರುವ ರಕ್ತ ರೋಗಿ ಅಲ್ಲ.

ನಾನು ಆ ಗಂಟೆಗಳನ್ನು ಸಂಪಾದಿಸಿದ್ದು ವಯಸ್ಸಾದವರ ನರ್ಸಿಂಗ್ ಹೋಮಲ್ಲಿ, ನರ್ಸಿಂಗ್ ಅಸಿಸ್ಟೆಂಟ್ ಆಗಿ, ರಾತ್ರಿ ಪಾಳಿಯಲ್ಲಿ. ಅಕ್ಕನಿಗೆ ಇದನ್ನು ಪೂರ್ತಿ ಹೇಳಿಯೇ ಇರಲಿಲ್ಲ. ಎರಡು ಗಂಟೆಗೊಮ್ಮೆ ಮಲಗಿದವರನ್ನು ಮಗ್ಗುಲು ಬದಲಾಯಿಸಬೇಕು, ಇಲ್ಲದಿದ್ದರೆ ಬೆನ್ನಲ್ಲಿ ಹುಣ್ಣಾಗುತ್ತದೆ. ಒಬ್ಬ ಅಜ್ಜ ಇದ್ದರು, ದಪ್ಪ ಆಳು, ಪಾರ್ಶ್ವವಾಯು ಹೊಡೆದು ಒಂದು ಕಡೆ ಬಿದ್ದುಹೋಗಿತ್ತು. ಮೊದಲ ವಾರ ನಾನು ಅವರನ್ನು ತಿರುಗಿಸುವುದಕ್ಕೆ ಹೋಗಿ ನನ್ನ ಸೊಂಟವನ್ನೇ ಹಿಡಿಸಿಕೊಂಡೆ. ಆಮೇಲೆ ಜೊತೆಯವಳು ತೋರಿಸಿಕೊಟ್ಟಳು: ಅವರ ಕೆಳಗೆ ಮಡಿಸಿ ಹಾಸಿದ ಬೆಡ್‌ಶೀಟನ್ನು ಇಬ್ಬರೂ ಸುತ್ತಿ ಹಿಡಿದುಕೊಂಡು, ಒಂದು ಎರಡು ಮೂರು ಅಂತ ಒಟ್ಟಿಗೆ ಎಳೆಯಬೇಕು. ಮಲ, ಮೂತ್ರ, ವಾಂತಿ ಎಲ್ಲ ಬಳಿದಿದ್ದೇನೆ. ಸಂಬಳ ಬಹಳ ಕಡಿಮೆ. ಆದರೆ ಇವತ್ತು ನಾನು ಒಬ್ಬರ ಬೆನ್ನು ನೋಡಿದ ತಕ್ಷಣ ಎಲ್ಲಿ ಚರ್ಮ ಕೆಂಪಾಗುತ್ತಿದೆ ಅಂತ ಕಣ್ಣಿಗೆ ಬೀಳುವುದು ಅಲ್ಲಿ ಕಲಿತದ್ದಕ್ಕೆ. ಆ ಕೆಲಸ ಆರು ತಿಂಗಳು ಮಾಡಿದ ಮೇಲೂ ನಿನಗೆ ಇದೇ ಬೇಕು ಅನ್ನಿಸಿದರೆ ಮುಂದಕ್ಕೆ ಹೋಗು. ಅಲ್ಲೇ ಗೊತ್ತಾದರೆ ಬರೀ ಆರು ತಿಂಗಳು ಹೋಗುತ್ತದೆ. ಸಾಲ ಮಾಡಿದ ಮೇಲೆ ಗೊತ್ತಾದರೆ ಕಷ್ಟ.

ಸರಿ, ದುಡ್ಡು. ಕೋರ್ಸು ಹೆಚ್ಚುಕಡಿಮೆ 27 ತಿಂಗಳು, ಮಾಸ್ಟರ್ಸ್ ಡಿಗ್ರಿ. ಮೊದಲ ವರ್ಷ ಪೂರ್ತಿ ಕ್ಲಾಸು, ಆಮೇಲೆ ಸುಮಾರು 2,000 ಗಂಟೆ ಆಸ್ಪತ್ರೆ ಕ್ಲಿನಿಕ್‌ಗಳಲ್ಲಿ ಸುತ್ತಾಡಿ ಕೆಲಸ ಕಲಿಯುವುದು, ಇದಕ್ಕೇ ರೊಟೇಶನ್ ಅನ್ನುತ್ತಾರೆ. ಸರ್ಜರಿ, ಎಮರ್ಜೆನ್ಸಿ, ಮಕ್ಕಳ ವಿಭಾಗ, ಹೆರಿಗೆ, ಮಾನಸಿಕ ಆರೋಗ್ಯ, ಎಲ್ಲದರಲ್ಲೂ ಒಂದೊಂದು ತಿಂಗಳು ಅಂತ ಇಟ್ಟುಕೋ. ಆ ಟೈಮಲ್ಲಿ ದುಡಿಯುವುದು ಬಹುತೇಕ ಆಗುವುದೇ ಇಲ್ಲ, ಕೆಲವು ಕಡೆ ಕೆಲಸ ಮಾಡಬೇಡಿ ಅಂತ ಅವರೇ ಹೇಳುತ್ತಾರೆ. ನನಗೆ ಫೀಸು, ಬಾಡಿಗೆ, ಊಟ, ಇನ್ಶೂರೆನ್ಸ್, ದೂರದ ರೊಟೇಶನ್‌ಗೆ ಹೋಗಲು ಹಳೇ ಕಾರು, ಎಲ್ಲ ಸೇರಿ ಒಂದೂವರೆ ಲಕ್ಷ ಡಾಲರ್ ಸಾಲ ಆಯಿತು. ಇದನ್ನು ಏಳು ಪರ್ಸೆಂಟ್ ಬಡ್ಡಿಗೆ ಹತ್ತು ವರ್ಷ ತೀರಿಸುತ್ತೇನೆ ಅಂದರೆ ತಿಂಗಳಿಗೆ ಸುಮಾರು 1,740 ಡಾಲರ್ ಕಂತು. ಇಷ್ಟೇ ಅಲ್ಲ. ನಿನಗೆ ಈಗ ವರ್ಷಕ್ಕೆ 55,000 ಬರುತ್ತಿದೆ ಅಂದೆ ಅಲ್ವಾ? 27 ತಿಂಗಳು ಅದು ನಿಂತುಹೋದರೆ ಇನ್ನೊಂದು ಒಂದೂಕಾಲು ಲಕ್ಷ ಹತ್ತಿರ. ಫೀಸಿನ ಪಟ್ಟಿಯಲ್ಲಿ ಇದನ್ನು ಯಾರೂ ಬರೆದಿರುವುದಿಲ್ಲ. ನಿನ್ನ ಲೆಕ್ಕದಲ್ಲಿ ನೀನು ಬರೆದುಕೋ.

ಆ ಕಡೆ ತಕ್ಕಡಿಯಲ್ಲಿ ಸಂಬಳ. ಸರ್ಕಾರದ ಕಾರ್ಮಿಕ ಅಂಕಿಅಂಶ ಇಲಾಖೆಯ ಪ್ರಕಾರ 2024ರಲ್ಲಿ ಪಿಎಗಳ ಮಧ್ಯದ ಸಂಬಳ ವರ್ಷಕ್ಕೆ 1,33,260 ಡಾಲರ್. ಅರ್ಧ ಜನಕ್ಕೆ ಅದಕ್ಕಿಂತ ಜಾಸ್ತಿ, ಅರ್ಧ ಜನಕ್ಕೆ ಕಡಿಮೆ. ಹೊಸಬರಿಗೆ ಕಡಿಮೆಯೇ ಅಂತ ತಿಳಿದುಕೋ. ಕೆಲಸಕ್ಕೆ ಬರವಿಲ್ಲ, ಬೇಡಿಕೆ ಬೇರೆ ಎಷ್ಟೋ ಕೆಲಸಗಳಿಗಿಂತ ಬೇಗ ಬೆಳೆಯುತ್ತಿದೆ. ಹಾಗಾಗಿ ಬರೀ ದುಡ್ಡಿನ ಲೆಕ್ಕ ಹಾಕಿದರೆ, ಐದಾರು ವರ್ಷ ಕೈ ಬಿಗಿ ಮಾಡಿ ಬದುಕಿದರೆ, ಗಿಟ್ಟುತ್ತದೆ. ನನಗೆ ಗಿಟ್ಟಿದೆ. ಸಾಲ ತೀರಿದ ದಿನ ನಾನು ಯಾರಿಗೂ ಹೇಳಲಿಲ್ಲ, ಬ್ಯಾಂಕ್ ಆ್ಯಪ್ ತೆರೆದು ಸೊನ್ನೆಯನ್ನು ನಾಲ್ಕು ಸಲ ನೋಡಿದೆ.

ಆದರೆ ನನ್ನ ಕಾಲದ ದಾರಿ ನಿನಗೆ ಹಾಗೇ ಸಿಗುವುದಿಲ್ಲ. ಇದು ಮುಖ್ಯ, ಅಕ್ಕ ನೀನೂ ಕೇಳಿಸಿಕೋ. ನಾನು ಗ್ರಾಡ್ ಪ್ಲಸ್ ಅನ್ನುವ ಫೆಡರಲ್, ಅಂದರೆ ಕೇಂದ್ರ ಸರ್ಕಾರದ ಸಾಲ ತೆಗೆದುಕೊಂಡಿದ್ದೆ, ಖರ್ಚು ಎಷ್ಟಿದೆಯೋ ಅಷ್ಟೂ ಕೊಡುತ್ತಿದ್ದರು. 2025ರ ಕಾನೂನಿನಲ್ಲಿ ಅದನ್ನು ತೆಗೆದುಹಾಕಿದ್ದಾರೆ, 2026ರ ಜುಲೈ 1ರಿಂದ ಹೊಸಬರಿಗೆ ಇಲ್ಲ. ಗ್ರಾಜುಯೇಟ್, ಅಂದರೆ ಇಲ್ಲಿ ಮಾಸ್ಟರ್ಸ್ ತರಹದ್ದು ಓದುವವರಿಗೆ ವರ್ಷಕ್ಕೆ 20,500, ಒಟ್ಟು ಒಂದು ಲಕ್ಷ ಡಾಲರ್ ಮಿತಿ. ಎಂಡಿ ತರಹದ ಪ್ರೊಫೆಷನಲ್ ಡಿಗ್ರಿಗೆ ವರ್ಷಕ್ಕೆ 50,000, ಒಟ್ಟು ಎರಡು ಲಕ್ಷ. ಪಿಎ ಕೋರ್ಸನ್ನು ಯಾವ ಸಾಲಿಗೆ ಸೇರಿಸುತ್ತಾರೆ ಅನ್ನುವುದರ ಮೇಲೆ ನಿನ್ನ ಇಡೀ ಲೆಕ್ಕ ನಿಂತಿದೆ. ಪ್ರತಿ ಕಾಲೇಜಿನ ಫೈನಾನ್ಶಿಯಲ್ ಏಡ್ ಆಫೀಸಿಗೆ ಫೋನ್ ಮಾಡಿ ಇದೊಂದನ್ನೇ ಕೇಳು, ಉತ್ತರವನ್ನು ಇಮೇಲಲ್ಲಿ ಬರೆಸಿಕೋ. ವರ್ಷಕ್ಕೆ 20,500 ಆದರೆ ಮಿಕ್ಕಿದ್ದು ಪ್ರೈವೇಟ್ ಸಾಲ, ಅದಕ್ಕೆ ಭಾವ ಸಹಿ ಹಾಕಬೇಕಾಗಬಹುದು. ಆಗ ಇದು ನಿನ್ನೊಬ್ಬಳ ನಿರ್ಧಾರ ಅಲ್ಲ, ಮನೆಯವರೆಲ್ಲ ಕೂತು ಮಾತಾಡಬೇಕಾದ್ದು. ಫೆಡರಲ್ ಸಾಲದಲ್ಲಿ ಲಾಭರಹಿತ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾ ಹತ್ತು ವರ್ಷ, ಅಂದರೆ 120 ಕಂತು ಕಟ್ಟಿದರೆ ಮಿಕ್ಕಿದ್ದನ್ನು ಮನ್ನಾ ಮಾಡುವ ಸ್ಕೀಮ್ ಇದೆ. ಪ್ರೈವೇಟ್ ಸಾಲಕ್ಕೆ ಅದೇನೂ ಇಲ್ಲ.

ಹಾಂ, ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡ. ಪಿಎ ಕೋರ್ಸುಗಳನ್ನು ಪರಿಶೀಲಿಸುವ ಎಆರ್‌ಸಿ-ಪಿಎ ಸಂಸ್ಥೆಯ ಮಾನ್ಯತೆ ಇದೆಯಾ, ಇಲ್ಲಾ ಕೊರತೆ ಇದೆ ಅಂತ ಪ್ರೊಬೇಶನ್ ಮೇಲಿಟ್ಟಿದ್ದಾರಾ ನೋಡು. ಎಷ್ಟು ಜನ ಸೇರಿ ಎಷ್ಟು ಜನ ಮುಗಿಸಿದರು ಅನ್ನುವ ಪಟ್ಟಿಯನ್ನು ಅವರು ವೆಬ್‌ಸೈಟಲ್ಲಿ ಹಾಕಲೇಬೇಕು, ಅದನ್ನು ಹುಡುಕು. ಯಾಕೆಂದರೆ ನಡುವೆ ಫೇಲಾಗಿ ಹೊರಗೆ ಬಿದ್ದರೆ ಡಿಗ್ರಿ ಇರುವುದಿಲ್ಲ, ಸಾಲ ಮಾತ್ರ ಇರುತ್ತದೆ. ನನ್ನ ಬ್ಯಾಚಲ್ಲೇ ಒಬ್ಬಳಿಗೆ ಹಾಗಾಯಿತು, ಫಾರ್ಮಕಾಲಜಿಯಲ್ಲಿ. ತುಂಬಾ ಜಾಣೆ. ಮನೆಯಲ್ಲಿ ಅಪ್ಪನಿಗೆ ಹುಷಾರಿರಲಿಲ್ಲ, ವಾರಾಂತ್ಯಕ್ಕೆ ಓಡಾಡುತ್ತಿದ್ದಳು, ಓದು ಹಿಂದೆ ಬಿತ್ತು. ಇನ್ನು ಕೋರ್ಸ್ ಮುಗಿದ ಮೇಲೆ ಲೈಸೆನ್ಸ್‌ಗೆ ಬೇಕಾದ ಕೊನೆಯ ಪರೀಕ್ಷೆ, ಪ್ಯಾನ್ಸ್ ಅಂತ, ಐದು ಗಂಟೆ, 300 ಪ್ರಶ್ನೆ. ಅದಕ್ಕೆ ಅಷ್ಟು ಹೆದರಬೇಡ, ಮೊದಲ ಸಲವೇ ನೂರಕ್ಕೆ ತೊಂಬತ್ತರ ಮೇಲೆ ಜನ ಪಾಸಾಗುತ್ತಾರೆ. ಕಷ್ಟ ಇರುವುದು ಮೊದಲ ಹನ್ನೆರಡು ತಿಂಗಳಲ್ಲಿ.

ಅತ್ತೆ ಮಗಳು ಮಧ್ಯದಲ್ಲಿ ಕೇಳಿದ್ದಾಳೆ, ಊರಲ್ಲಿ ಎಂಬಿಬಿಎಸ್ ಮಾಡಿದವರು, ಇಲ್ಲಾ ಅಲ್ಲೇ ಪಿಎ ಕೋರ್ಸ್ ಮಾಡಿದವರು ಇಲ್ಲಿ ಸೀದಾ ಪಿಎ ಆಗಬಹುದಾ ಅಂತ. ಇಲ್ಲ ಕಣೆ. ಇಲ್ಲಿಯ ಮಾನ್ಯತೆ ಇರುವ ಕಾಲೇಜಲ್ಲೇ ಓದಿರಬೇಕು, ಆಗ ಮಾತ್ರ ಪರೀಕ್ಷೆಗೆ ಕೂರಿಸುತ್ತಾರೆ.

ಇನ್ನು ಭಾವ ಹೇಳಿದ ಎಂಡಿ. ಭಾವ, ನೀವು ಹೇಳಿದ್ದು ತಪ್ಪಲ್ಲ. ಆದರೆ ನಾಲ್ಕು ವರ್ಷ ಮೆಡಿಕಲ್ ಸ್ಕೂಲ್, ಆಮೇಲೆ ಕಡಿಮೆ ಅಂದರೂ ಮೂರು ವರ್ಷ ರೆಸಿಡೆನ್ಸಿ, ಅಂದರೆ ಒಂದು ವಿಭಾಗದಲ್ಲಿ ಆಸ್ಪತ್ರೆ ತರಬೇತಿ, ಸರ್ಜರಿ ಅಂದರೆ ಐದು. ಅವಳಿಗೆ ಈಗ 24. ಮುಂದಿನ ವರ್ಷವೇ ಸೀಟು ಸಿಕ್ಕಿತು ಅಂದುಕೊಂಡರೂ ಮುಗಿಯುವಾಗ 32. ಪಿಎ ಆದರೆ 28ರ ಒಳಗೆ ಸ್ವಂತ ಸಂಬಳ. ನಿಜ, ಡಾಕ್ಟರ್ ಸಂಬಳ ಆಮೇಲೆ ನಮ್ಮನ್ನು ಹಿಂದೆ ಹಾಕಿ ಎಲ್ಲೋ ಹೋಗುತ್ತದೆ. ಆದರೆ ನಮಗೆ ಒಂದು ಸೌಕರ್ಯ ಇದೆ, ಅದು ಅವರಿಗಿಲ್ಲ. ನಾನು ಮೂರು ವರ್ಷ ಮೂಳೆ ವಿಭಾಗದಲ್ಲಿದ್ದೆ, ಬೇಸರ ಬಂತು, ಫ್ಯಾಮಿಲಿ ಮೆಡಿಸಿನ್‌ಗೆ ಬದಲಾದೆ. ಹೊಸ ರೆಸಿಡೆನ್ಸಿ ಇಲ್ಲ, ಹೊಸ ಡಿಗ್ರಿ ಇಲ್ಲ. ಮಗು ಆದಾಗ ವಾರಕ್ಕೆ ಮೂರು ದಿನ ಮಾಡಿಕೊಂಡೆ. ಇದರ ಬೆಲೆ ಸಂಬಳದ ಚೀಟಿಯಲ್ಲಿ ಕಾಣುವುದಿಲ್ಲ.

ಬೆಲೆ ಇಲ್ಲದೆ ಇದೂ ಸಿಗುವುದಿಲ್ಲ ಅನ್ನು. ಜನ ಅಸಿಸ್ಟೆಂಟ್ ಅನ್ನುವ ಪದ ಕೇಳಿ ಜವಾಬ್ದಾರಿಯೂ ಅರ್ಧ ಅಂದುಕೊಳ್ಳುತ್ತಾರೆ. ಹೋದ ಚಳಿಗಾಲ ಒಂದು ಶುಕ್ರವಾರ, ಸಂಜೆ ಆರೂಮುಕ್ಕಾಲು. ಕೋಟು ಹಾಕಿಕೊಂಡು, ಬ್ಯಾಗು ಹೆಗಲಿಗೆ ಹಾಕಿ, ಕಂಪ್ಯೂಟರ್ ಮುಚ್ಚುವ ಮುಂಚೆ ಇನ್‌ಬಾಕ್ಸ್ ಒಂದು ಸಲ ನೋಡಿದೆ. ಬೆಳಿಗ್ಗೆ ಬಂದಿದ್ದ ಒಬ್ಬರ ರಕ್ತದಲ್ಲಿ ಪೊಟ್ಯಾಸಿಯಂ 6.6. ಅಷ್ಟಿದ್ದರೆ ಹೃದಯ ಯಾವಾಗ ಬೇಕಾದರೂ ತಾಳ ತಪ್ಪಬಹುದು. ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಮಗಳ ನಂಬರ್ ಹಳೆಯದು. ನಮ್ಮ ಡಾಕ್ಟರಿಗೆ ಫೋನ್ ಮಾಡಿದೆ, ಅವರು "ಪೊಲೀಸರಿಗೆ ಹೇಳಿ ಮನೆಗೆ ಕಳಿಸು" ಅಂದರು. ಕೋಟು ಹಾಕಿಕೊಂಡೇ ನಿಂತು ಮಾತಾಡುತ್ತಿದ್ದೆ, ಬೆವರು ಇಳಿಯುತ್ತಿತ್ತು. ಪೊಲೀಸರು ಬಾಗಿಲು ತಟ್ಟಿದರೆ ಮನುಷ್ಯ ಟಿವಿ ಜೋರಾಗಿ ಇಟ್ಟುಕೊಂಡು ಕೂತಿದ್ದಾರೆ, ಅದಕ್ಕೇ ಫೋನ್ ಕೇಳಿಸಿಲ್ಲ. ಆಸ್ಪತ್ರೆಗೆ ಹೋದರು, ಸರಿಹೋದರು. ಮುಂದಿನ ತಿಂಗಳು ಬಂದಾಗ "ಪೊಲೀಸರನ್ನು ಯಾಕೆ ಕಳಿಸಿದೆ, ಅಕ್ಕಪಕ್ಕದವರೆಲ್ಲ ನೋಡಿದರು" ಅಂತ ನನಗೇ ಬೈದರು. ಅವತ್ತು ರಾತ್ರಿ ಆ ಇನ್‌ಬಾಕ್ಸ್ ನೋಡದೆ ಹೋಗಿದ್ದರೆ ಅಂತ ನಾನು ಈಗಲೂ ಯೋಚಿಸುತ್ತೇನೆ. ಚಾರ್ಟಲ್ಲಿ ಇರುವುದು ನನ್ನ ಸಹಿ. ಹಾಗೇ ನೆನಪಿರಲಿ, ಫೋನ್ ಮಾಡಿದರೆ ಎತ್ತುವ ಡಾಕ್ಟರ್ ಇರುವ ಕಡೆ ಮೊದಲ ಕೆಲಸ ಹಿಡಿ, ಐದು ಸಾವಿರ ಸಂಬಳ ಕಡಿಮೆಯಾದರೂ ಪರವಾಗಿಲ್ಲ.

ಹೆಸರಿನ ವಿಷಯ ಒಂದಿದೆ. 2021ರಲ್ಲಿ ನಮ್ಮ ಸಂಘದವರು ಅಸಿಸ್ಟೆಂಟ್ ಬಿಟ್ಟು ಫಿಸಿಷಿಯನ್ ಅಸೋಸಿಯೇಟ್ ಅಂತ ಮಾಡೋಣ ಅಂತ ತೀರ್ಮಾನಿಸಿದರು, 2024ರಲ್ಲಿ ಆರೆಗನ್ ರಾಜ್ಯ ಕಾನೂನಲ್ಲೂ ಬದಲಾಯಿಸಿತು. ಆದರೆ ಹೆಸರು ಬದಲಾದರೂ ರೋಗಿ ಕೇಳುವುದು ನಿಲ್ಲುವುದಿಲ್ಲ: "ಡಾಕ್ಟರ್ ಯಾವಾಗ ಬರುತ್ತಾರೆ?" ಅರ್ಧ ಗಂಟೆ ನಾನು ಕೂತು ಎಲ್ಲ ಹೇಳಿದ ಮೇಲೆ ಕೇಳುತ್ತಾರೆ. ಮೊದಮೊದಲು ಚುಚ್ಚುತ್ತಿತ್ತು. ಮದುವೆ ಮನೆಗಳಲ್ಲಿ ಇನ್ನೂ ಜಾಸ್ತಿ, ಯಾರದೋ ಮಗ ಕಾರ್ಡಿಯಾಲಜಿಸ್ಟ್ ಅಂತ ಪರಿಚಯ ಮಾಡಿಕೊಟ್ಟು ಆಮೇಲೆ ನನ್ನ ಕಡೆ ತಿರುಗಿ "ಇವಳೂ ಆಸ್ಪತ್ರೆಯಲ್ಲೇ" ಅನ್ನುತ್ತಾರೆ. ಈಗ ನಗು ಬರುತ್ತದೆ. ಆದರೆ ಪುಟ್ಟಿ, ನಿನಗೆ ಒಳಗೊಳಗೆ ಡಾಕ್ಟರ್ ಆಗಬೇಕು ಅಂತಲೇ ಇದ್ದು, ಅದು ಉದ್ದದ ದಾರಿ ಅಂತ ಹೆದರಿ ಇದಕ್ಕೆ ಬರುತ್ತಿದ್ದರೆ ಬರಬೇಡ. ಆ ಚುಚ್ಚು ಹೋಗುವುದಿಲ್ಲ, ಹತ್ತನೇ ವರ್ಷವೂ ಇರುತ್ತದೆ. ಅಂಥವರ ಜೊತೆ ಕೆಲಸ ಮಾಡಿದ್ದೇನೆ, ಪಾಪ, ಸಂಬಳ ಚೆನ್ನಾಗಿದ್ದರೂ ಮುಖ ಬಾಡಿರುತ್ತದೆ. ಸಾಲ ತೀರಿಸಬಹುದು, ಇದನ್ನು ತೀರಿಸುವುದಕ್ಕೆ ಕಂತು ಇಲ್ಲ. ಈ ಪ್ರಶ್ನೆಗೆ ಉತ್ತರ ನನಗೆ ಹೇಳಬೇಡ, ಗ್ರೂಪಲ್ಲಂತೂ ಬೇಡವೇ ಬೇಡ.

ಅಪ್ಲಿಕೇಶನ್ ಹಾಕುವ ಕ್ಯಾಸ್ಪಾ ಪೋರ್ಟಲ್ ಪ್ರತಿ ವರ್ಷ ಏಪ್ರಿಲ್ ಕೊನೆಗೆ ತೆರೆಯುತ್ತದೆ, ಈ ವರ್ಷಕ್ಕೆ ಓಡಬೇಡ. ನರ್ಸಿಂಗ್ ಅಸಿಸ್ಟೆಂಟ್ ಸರ್ಟಿಫಿಕೇಟ್ ಕೋರ್ಸ್ ಕೆಲವೇ ವಾರ, ಕಮ್ಯೂನಿಟಿ ಕಾಲೇಜಲ್ಲಿ ಸಂಜೆ ಬ್ಯಾಚ್ ಇರುತ್ತದಾ ವಿಚಾರಿಸು, ಲ್ಯಾಬ್ ಕೆಲಸ ಈಗಲೇ ಬಿಡಬೇಡ. ನಮ್ಮ ಕ್ಲಿನಿಕಲ್ಲಿ ಒಂದು ದಿನ ನನ್ನ ಜೊತೆ ಇರುವುದಕ್ಕೆ ಮ್ಯಾನೇಜರ್ ಹತ್ತಿರ ಕೇಳಿದ್ದೇನೆ, ಒಂದು ಫಾರ್ಮ್ ಕಳಿಸುತ್ತಾರೆ, ಫ್ಲೂ ಲಸಿಕೆಯ ದಾಖಲೆ ಬೇಕು. ಸೋಮವಾರ ಬಾ, ಸೋಮವಾರವೇ ಅತಿ ಜಾಸ್ತಿ ಗಲಾಟೆ. ಮೆತ್ತನೆ ಶೂ ಹಾಕಿಕೊಂಡು ಬಾ, ಕೂರುವುದಕ್ಕೆ ಸಿಗುವುದಿಲ್ಲ.