ಮೈಸೂರು ಇನ್‌ಫೆಂಟ್ರಿಯ ಸಿಪಾಯಿಯೊಬ್ಬರ ಯುದ್ಧದ ಬರಹ: ಮುದ್ರಿಸುವ ಮುನ್ನ ತಿದ್ದಬೇಕೇ?

ಪ್ರಶ್ನೆ: ಸಾಗರ ತಾಲ್ಲೂಕಿನಿಂದ

ಎಲ್ಲರಿಗೂ ನಮಸ್ಕಾರ. ನನ್ನ ಅಜ್ಜ ಮೈಸೂರು ಸಂಸ್ಥಾನದ ಒಂದನೆಯ ಇನ್‌ಫೆಂಟ್ರಿಯಲ್ಲಿ ಸಿಪಾಯಿಯಾಗಿದ್ದು, ಸಿಂಗಪುರದಲ್ಲಿ ಜಪಾನೀಯರಿಗೆ ಸೆರೆಸಿಕ್ಕಿ, ಯುದ್ಧ ಮುಗಿದ ಮೇಲೆ ಊರಿಗೆ ಮರಳಿದವರು. ಎಷ್ಟೋ ವರ್ಷಗಳ ನಂತರ ಅಡಿಕೆ ತೋಟದ ಲೆಕ್ಕದ ಪುಸ್ತಕದ ಹಿಂಬದಿಯ ಹಾಳೆಗಳಲ್ಲಿ ಅವರು ತಮ್ಮ ಸೈನ್ಯದ ದಿನಗಳನ್ನು ಬರೆದಿಟ್ಟಿದ್ದಾರೆ. ಅದನ್ನು ಕುಟುಂಬದವರಿಗಾಗಿ ಮುದ್ರಿಸಬೇಕೆಂದಿದ್ದೇನೆ. ಆದರೆ ಸೆರೆಯಾದ ವರ್ಷವನ್ನು ಅವರು ಒಂದು ಕಡೆ 2602 ಎಂದು ಬರೆದಿದ್ದಾರೆ. ಮತ್ತೊಂದು ಕಡೆ, ಶಿಬಿರದಲ್ಲಿ ಬೆಳಿಗ್ಗೆ 7 ಗಂಟೆಗೆ ಕಗ್ಗತ್ತಲಲ್ಲಿ ಸಾಲಾಗಿ ನಿಲ್ಲಿಸಿ ತಲೆ ಎಣಿಸುತ್ತಿದ್ದರು ಎಂದಿದೆ. ವಯಸ್ಸಾದ ಮೇಲೆ ಬರೆದದ್ದರಿಂದ ನೆನಪು ಕೈಕೊಟ್ಟಿರಬೇಕು, ತಿದ್ದಿಬಿಡು ಎಂಬುದು ದೊಡ್ಡಪ್ಪನವರ ಮಾತು. ಇದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುತ್ತಿರುವುದು, 1942ರ ಕೊನೆಯಿಂದ ಬಿಡುಗಡೆಯಾಗುವ ತನಕ ಏನಾಯಿತೆಂಬುದರ ಬಗ್ಗೆ ಒಂದು ಸಾಲೂ ಇಲ್ಲದಿರುವುದು. ಇದೇ ದಳ ಈಗಿನ ಇಸ್ರೇಲಿನ ಹೈಫಾದಲ್ಲಿಯೂ ಹೋರಾಡಿತ್ತೆಂದು ಊರಿನಲ್ಲಿ ಹೇಳುತ್ತಾರೆ; ಅದು ನಿಜವೇ?

ಉತ್ತರ: ನಿವೃತ್ತ ಇತಿಹಾಸ ಅಧ್ಯಾಪಕ, ಶಿವಮೊಗ್ಗ

ದಯವಿಟ್ಟು ಒಂದಕ್ಷರವನ್ನೂ ತಿದ್ದಬೇಡಿ. ನೀವು ತಪ್ಪೆಂದು ಭಾವಿಸಿರುವ ಎರಡೂ ಸಂಗತಿಗಳು ಆ ಬರಹದ ಪ್ರಾಮಾಣಿಕತೆಗೆ ಸಾಕ್ಷಿ ಹೇಳುತ್ತವೆ. ಜಪಾನೀಯರು ತಮ್ಮ ಮೊದಲ ಚಕ್ರವರ್ತಿಯೆಂದು ನಂಬುವ ಜಿಮ್ಮು ಪಟ್ಟಕ್ಕೆ ಬಂದನೆನ್ನಲಾದ ಕ್ರಿಸ್ತಪೂರ್ವ 660ರಿಂದ ಎಣಿಸುವ ಒಂದು ಶಕೆಯಿತ್ತು. ಆ ಲೆಕ್ಕದಲ್ಲಿ 1942 ಎಂದರೆ 2602. ಸಿಂಗಪುರವನ್ನು ಶೋನಾನ್ ಎಂದು ಹೆಸರು ಬದಲಿಸಿ ಆಳಿದ ಕಾಲದಲ್ಲಿ ಅಲ್ಲಿ ಈ ಶಕೆಯೇ ಬಳಕೆಗೆ ಬಂದಿತು. ಗಡಿಯಾರಗಳನ್ನೂ ಟೋಕಿಯೋ ಸಮಯಕ್ಕೆ, ಅಂದರೆ ಒಂದೂವರೆ ಗಂಟೆ ಮುಂದಕ್ಕೆ ತಿರುಗಿಸಲಾಯಿತು. ಸಮಭಾಜಕ ವೃತ್ತದ ಸಮೀಪವಿರುವ ಸಿಂಗಪುರದಲ್ಲಿ ಸೂರ್ಯೋದಯದ ವೇಳೆ ವರ್ಷವಿಡೀ ಹೆಚ್ಚು ಬದಲಾಗುವುದಿಲ್ಲ. ಟೋಕಿಯೋ ಸಮಯದಲ್ಲಿ ಅದು ಬೆಳಿಗ್ಗೆ ಸುಮಾರು 8 ಗಂಟೆ. ಹೀಗಿರುವಾಗ 7 ಗಂಟೆಗೆ ಕತ್ತಲಿಲ್ಲದೆ ಇನ್ನೇನಿರಲು ಸಾಧ್ಯ? ಎಷ್ಟೋ ವರ್ಷಗಳ ನಂತರವೂ ಆ ಕತ್ತಲನ್ನು ಗಂಟೆಯ ಸಮೇತ ನೆನಪಿಟ್ಟುಕೊಂಡ ನಿಮ್ಮ ಅಜ್ಜನವರ ಬಗ್ಗೆ ನನಗೆ ಅಪಾರ ಗೌರವ ಮೂಡುತ್ತಿದೆ.

ಹೈಫಾದ ಮಾತು ಬೇರೆ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ದಳದೊಂದಿಗೆ ಅಲ್ಲಿ ಕಾದಾಡಿದ್ದು ಮೈಸೂರು ಲ್ಯಾನ್ಸರ್ಸ್, ಅಂದರೆ ಕುದುರೆ ಸವಾರರ ಪಡೆ. ನಿಮ್ಮ ಅಜ್ಜನವರದು ಪದಾತಿ ದಳ. ಎರಡನೆಯ ಮಹಾಯುದ್ಧದಲ್ಲಿ ಮೈಸೂರು, ಹೈದರಾಬಾದ್, ಬಹಾವಲ್‌ಪುರ, ಜೀಂದ್, ಕಪೂರ್ತಲಾ ಸಂಸ್ಥಾನಗಳ ಪದಾತಿ ದಳಗಳನ್ನು ಮಲಯ ಮತ್ತು ಸಿಂಗಪುರಕ್ಕೆ ಮುಖ್ಯವಾಗಿ ವಿಮಾನ ನಿಲ್ದಾಣಗಳ ಕಾವಲಿಗೆಂದು ಕಳುಹಿಸಲಾಗಿತ್ತು.

ಉತ್ತರ: ತೀರ್ಥಹಳ್ಳಿಯಿಂದ

ಅಧ್ಯಾಪಕರ ಮಾತನ್ನು ಒಪ್ಪುತ್ತೇನೆ. ಆದರೆ ಬರೆಯದೆ ಬಿಟ್ಟ ಭಾಗದ ಬಗ್ಗೆ ಅವರು ಏನೂ ಹೇಳಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ. 1942ರ ಫೆಬ್ರುವರಿ 15ರಂದು ಸಿಂಗಪುರ ಶರಣಾಯಿತು. ಎರಡು ದಿನಗಳ ಬಳಿಕ ಭಾರತೀಯ ಸೈನಿಕರನ್ನು ಬ್ರಿಟಿಷರಿಂದ ಬೇರ್ಪಡಿಸಿ ಫ್ಯಾರರ್ ಪಾರ್ಕ್ ಎಂಬ ಬಯಲಿನಲ್ಲಿ ಸೇರಿಸಿ, ಜಪಾನಿನ ಮೇಜರ್ ಫುಜಿವಾರಾ ಅವರ ವಶಕ್ಕೆ ಒಪ್ಪಿಸಲಾಯಿತು. ಭಾರತೀಯ ಸೇನೆಯ ಕ್ಯಾಪ್ಟನ್ ಮೋಹನ್ ಸಿಂಗ್ ಅಲ್ಲಿಯೇ ಬ್ರಿಟಿಷರ ವಿರುದ್ಧ ಹೋರಾಡುವ ಆಜಾದ್ ಹಿಂದ್ ಫೌಜಿಗೆ ಕರೆಕೊಟ್ಟರು. ಅನೇಕರು ಸೇರಿದರು, ಅನೇಕರು ಸೇರಲಿಲ್ಲ. ಸೇರದವರಲ್ಲಿ ಸಾವಿರಾರು ಜನರನ್ನು ಹಡಗುಗಳಲ್ಲಿ ತುಂಬಿ ನ್ಯೂಗಿನಿ, ನ್ಯೂಬ್ರಿಟನ್ ದ್ವೀಪಗಳಿಗೆ ಕೂಲಿಗಾಗಿ ಸಾಗಿಸಲಾಯಿತು. ಹಸಿವು, ಮಲೇರಿಯಾ, ಬಾಂಬು ದಾಳಿಗಳಿಗೆ ಸಿಕ್ಕಿ ಅವರಲ್ಲಿ ಬಹಳ ಮಂದಿ ಹಿಂದಿರುಗಲಿಲ್ಲ.

ಯುದ್ಧ ಮುಗಿದ ಮೇಲೆ ಮರಳಿದ ಸೆರೆಯಾಳುಗಳನ್ನು ಬ್ರಿಟಿಷರು ವಿಚಾರಣೆಗೆ ಒಳಪಡಿಸಿ, ತಮಗೆ ನಿಷ್ಠರಾಗಿದ್ದವರನ್ನು ಬಿಳಿ, ನಡುವಿನವರನ್ನು ಬೂದು, ಫೌಜಿನ ಕಟ್ಟಾ ಬೆಂಬಲಿಗರನ್ನು ಕಪ್ಪು ಎಂದು ವಿಂಗಡಿಸಿದರು. ಕಪ್ಪು ಪಟ್ಟಿಗೆ ಸೇರಿದವರು ಕೆಲಸವನ್ನೂ ಬಾಕಿ ಸಂಬಳವನ್ನೂ ಕಳೆದುಕೊಂಡರು. ಸ್ವತಂತ್ರ ಭಾರತದ ಸರ್ಕಾರ ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಯೋಜನೆಯನ್ನು ತಂದದ್ದು 1972ರಲ್ಲಿ. ಅಲ್ಲಿಯವರೆಗೂ ಫೌಜಿಗೆ ಸೇರಿದವನಿಗೂ ಬಾಯಿ ಬಿಡಲು ಅಂಜಿಕೆಯಿತ್ತು, ಸೇರದವನಿಗೂ ಊರಿನವರೆದುರು ಮುಜುಗರವಿತ್ತು. ಹೀಗಾಗಿ ನಿಮ್ಮ ಅಜ್ಜನವರ ಮೌನವನ್ನು ಯಾವುದೋ ಒಂದು ಕಡೆಗೆ ಎಳೆದು ಅರ್ಥ ಮಾಡಬೇಡಿ. ಆ ಜಾಗವನ್ನು ಖಾಲಿಯಾಗಿಯೇ ಮುದ್ರಿಸುವುದು ಅವರಿಗೆ ತೋರುವ ನ್ಯಾಯ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. 2602ರ ವಿವರಣೆಯನ್ನು ದೊಡ್ಡಪ್ಪನವರಿಗೆ ಓದಿ ಹೇಳಿದೆ. ಅವರು ಪುಸ್ತಕವನ್ನು ಕೇಳಿ ಪಡೆದು ಮೊದಲ ಪುಟದಿಂದ ಓದತೊಡಗಿದ್ದಾರೆ. ಆ ಖಾಲಿ ಜಾಗವನ್ನು ಹಾಗೆಯೇ ಬಿಟ್ಟರೂ, ಹುಡುಕುವ ದಾರಿಯಿದ್ದರೆ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ನಿವೃತ್ತ ಇತಿಹಾಸ ಅಧ್ಯಾಪಕ, ಶಿವಮೊಗ್ಗ

ಅಜ್ಜನವರ ದಳ ಮಹಾರಾಜರ ಸೈನ್ಯವಾಗಿದ್ದು ಯುದ್ಧಕಾಲದಲ್ಲಿ ಬ್ರಿಟಿಷರ ಅಧೀನದಲ್ಲಿ ದುಡಿದದ್ದರಿಂದ ಎರಡು ಕಡೆ ಹುಡುಕಬೇಕು. ಸಂಸ್ಥಾನದ ಕಾಲದ ಕಡತಗಳಿಗಾಗಿ ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿ ವಿಚಾರಿಸಿ; ಫೌಜಿಗೆ ಸಂಬಂಧಿಸಿದ ಕಾಗದಪತ್ರಗಳು ದೆಹಲಿಯ ರಾಷ್ಟ್ರೀಯ ಅಭಿಲೇಖಾಲಯದಲ್ಲಿವೆ, ಅದರ ಸೂಚಿಯನ್ನು ಅಭಿಲೇಖ್ ಪಟಲ್ ಜಾಲತಾಣದಲ್ಲಿ ಮನೆಯಿಂದಲೇ ನೋಡಬಹುದು. ಸ್ವಾತಂತ್ರ್ಯಾನಂತರ ಈ ದಳ ಮದ್ರಾಸ್ ರೆಜಿಮೆಂಟಿನ 18ನೆಯ ಬೆಟಾಲಿಯನ್ ಆಗಿ ಮುಂದುವರಿದಿರುವುದರಿಂದ ಅಲ್ಲಿಗೂ ಒಂದು ಪತ್ರ ಬರೆಯಿರಿ. ಅಜ್ಜನವರು ಹೆಸರಿಸಿರುವ ಸಂಗಡಿಗರಲ್ಲಿ ಮರಳದವರಿದ್ದರೆ, ಸಿಂಗಪುರದ ಕ್ರಾಂಜಿ ಸ್ಮಾರಕದಲ್ಲಿರುವ 24,000ಕ್ಕೂ ಹೆಚ್ಚು ಹೆಸರುಗಳ ನಡುವೆ ಅವರನ್ನು ಹುಡುಕಿ.

ಹೋಲಿಸಿ ಓದಲು ಮಂಗಳೂರಿನ ಜಾನ್ ಬ್ಯಾಪ್ಟಿಸ್ಟ್ ಕ್ರಾಸ್ತಾ ಅವರ ಇಂಗ್ಲಿಷ್ ನೆನಪುಗಳು ಉಪಯುಕ್ತ. ಸಿಂಗಪುರದಲ್ಲಿ ಸೆರೆಯಾಗಿ ನ್ಯೂಬ್ರಿಟನ್‌ವರೆಗೆ ಒಯ್ಯಲ್ಪಟ್ಟ ಅವರು ಯುದ್ಧ ಮುಗಿದ ಕೂಡಲೇ ಬರೆದದ್ದನ್ನು ಅವರ ಮಗ ಪ್ರಕಟಿಸಿದ್ದು ಸುಮಾರು ಅರ್ಧ ಶತಮಾನದ ನಂತರ. ಮಲಯಕ್ಕೆ ಹೋದ ಅಧಿಕಾರಿಗಳ ವರದಿಗಳು ಬೇಕಾದಷ್ಟಿವೆ. ಸಿಪಾಯಿಯೊಬ್ಬ ಕನ್ನಡದಲ್ಲಿ ತಾನೇ ಬರೆದದ್ದು ಬಲು ಅಪರೂಪ. ಮಲೆನಾಡಿನ ಮಳೆಗಾಲ ಕಾಗದವನ್ನು ಉಳಿಸುವುದಿಲ್ಲವಾದ್ದರಿಂದ, ಬೆರಳಚ್ಚಿಗೆ ತೊಡಗುವ ಮುನ್ನವೇ ತೋಟದ ಲೆಕ್ಕವೂ ಸೇರಿದಂತೆ ಪ್ರತಿಯೊಂದು ಪುಟವನ್ನೂ ಸ್ಕ್ಯಾನ್ ಮಾಡಿಸಿ. ಲೆಕ್ಕದ ತಾರೀಖುಗಳಿಂದ ಅವರು ಈ ನೆನಪುಗಳನ್ನು ಯಾವ ವರ್ಷದಲ್ಲಿ ಬರೆದರೆಂಬುದನ್ನು ಗುರುತಿಸಲು ಸಾಧ್ಯ.